ನೆಲ ಸವರೋ ಕಾರಿನ ಕಥೆ

ಹೋದ ವರ್ಷ ಅಕ್ಕನ ಮಗ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ಇಂಜಿನಿಯರಿಂಗ್ ಮುಗಿಸಿ ಮೈಸೂರಲ್ಲೇ ಕೆಲಸಕ್ಕೆ ಸೇರಿದಾನೆ, ದುಡ್ಡು ಅವನದ್ದೇ, ಯಾರೂ ಏನೂ ಅನ್ನೋ ಹಾಗಿರಲಿಲ್ಲ. ಎರಡು ತಿಂಗಳಾದ ಮೇಲೆ ಅಕ್ಕನ ಫೋನು. "ಕಾರಿಗೆ ಅದೇನೋ ಮಾಡಿಸ್ಕೊಂಡು ಬಂದಿದಾನೆ ಕಣೋ, ಕಾರು ಕೂತ್ಕೊಂಡ್ಬಿಟ್ಟಿದೆ. ನಿಮ್ಮ ಭಾವ ಮೂರು ದಿನದಿಂದ ಅವನ ಹತ್ರ ಮಾತೇ ಆಡ್ತಿಲ್ಲ. ನೀನಾದ್ರೂ ಬಂದು ಒಂದ್ಮಾತು ಹೇಳು."

ಹೋದೆ. ಕಾರು ನಿಜಕ್ಕೂ ಕೂತಿತ್ತು. ನಾಲ್ಕೂ ಸ್ಪ್ರಿಂಗುಗಳನ್ನ ಕತ್ತರಿಸಿ ಗಿಡ್ಡ ಮಾಡಿಸಿದ್ದ. 15 ಇಂಚಿನ ಚಕ್ರ ತೆಗೆಸಿ 17 ಇಂಚಿನ ಅಲಾಯ್ ಹಾಕಿಸಿದ್ದ. ನೋಡೋಕೆ ಏನೋ ಒಂಥರಾ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಅವರ ಬೀದಿಯ ಹಂಪ್ ದಾಟುವಾಗ ಹೊಟ್ಟೆ ಕೆರೆದು ಎಣ್ಣೆ ಸಂಪು ಸೀಳಿತ್ತು. ಟ್ರಾಫಿಕ್ ಪೊಲೀಸರು ಒಂದು ಸಲ ದಂಡ ಹಾಕಿದ್ರು. ಭಾವ ಪೇಪರಿನಿಂದ ತಲೆ ಎತ್ತದೆ ಹೇಳಿದ್ದು ಒಂದೇ ಮಾತು: "ರೌಡಿಗಳ ಕಾರಿನ ಥರ ಮಾಡ್ಕೊಂಡಿದಾನೆ."

ಆ 'ರೌಡಿ' ಅನ್ನೋ ಶಬ್ದ ಕೇಳಿದ್ದೇ ನನಗೆ 2007ರ ಒಂದು ಭಾನುವಾರ ನೆನಪಾಯ್ತು.

ಆಗ ನಾನು ಕಂಪನಿ ಕೆಲಸದ ಮೇಲೆ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದೆ. ಸಂಜೆ ತರಕಾರಿ ತರೋಕೆ ಅಂತ ಊರಿನ ಪೂರ್ವ ಭಾಗಕ್ಕೆ ಹೋಗಿದ್ದೆ. ಸಿಗ್ನಲ್ಲಲ್ಲಿ ಪಕ್ಕಕ್ಕೊಂದು ಹಳೇ ಶೆವ್ರೊಲೆ ಇಂಪಾಲಾ ಬಂದು ನಿಂತಿತು. ಉದ್ದ ಅಂದ್ರೆ ಉದ್ದ, ನೇರಳೆ ಹಣ್ಣಿನ ಬಣ್ಣ, ಚಿಕ್ಕ ಚಿಕ್ಕ ತಂತಿ ಕಡ್ಡಿಯ ಚಕ್ರಗಳು. ಕಾರಿನ ಅಂಚು ರಸ್ತೆಯಿಂದ ನಾಲ್ಕು ಬೆರಳು ಮೇಲಿತ್ತೋ ಇಲ್ವೋ. ಒಳಗೆ ಮೈತುಂಬ ಹಚ್ಚೆಯ ಮೆಕ್ಸಿಕನ್ ಮೂಲದ ಇಬ್ಬರು. ನಾನು ಏನು ಮಾಡಿದೆ ಗೊತ್ತಾ? ಮೆಲ್ಲಗೆ ಡೋರ್ ಲಾಕ್ ಬಟನ್ ಒತ್ತಿದೆ. ಆ 'ಟಕ್' ಶಬ್ದ ಅವರಿಗೂ ಕೇಳಿಸಿತು ಅನ್ಸುತ್ತೆ. ಗಾಡಿ ಓಡಿಸ್ತಿದ್ದವನು ನನ್ನ ಕಡೆ ನೋಡಿ ಸುಮ್ಮನೆ ಮುಖ ತಿರುಗಿಸಿದ. ಹಸಿರು ದೀಪ ಬಂತು. ಇಂಪಾಲಾ ತೇರು ಹೊರಟ ಹಾಗೆ ಹೊರಟಿತು, ಅಷ್ಟು ನಿಧಾನ. ಹಿಂದಿನ ಸೀಟಲ್ಲಿ ಒಂದು ಮಗು, ಒಬ್ಬಳು ಅಜ್ಜಿ ಇದ್ದಿದ್ದು ನನಗೆ ಆಗ ಕಾಣಿಸಿತು.

ಹುಡುಗನಿಗೆ ಬುದ್ಧಿ ಹೇಳೋಕೆ ಅಂತ ಕೂತವನು ನಾನೇ ಓದೋಕೆ ಶುರು ಮಾಡಿದೆ. ಈ ಕಾರು ತಗ್ಗಿಸೋ ಚಟ ಎಲ್ಲಿಂದ ಬಂತು? ಅದಕ್ಕೂ 'ರೌಡಿ' ಅನ್ನೋ ಮಾತಿಗೂ ಗಂಟು ಬಿದ್ದಿದ್ದು ಯಾವಾಗ?

*

ಕಥೆ ಶುರುವಾಗೋದು ಬಟ್ಟೆಯಿಂದ. 1940ರ ದಶಕದ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕನ್ ಮೂಲದ ಹುಡುಗರು 'ಝೂಟ್ ಸೂಟ್' ಅಂತ ತೊಡ್ತಿದ್ರು. ಮೊಣಕಾಲ ತನಕ ಬರೋ ಕೋಟು, ದೊಗಳೆ ಪ್ಯಾಂಟು. ಮಹಾಯುದ್ಧದ ಕಾಲ, 1942ರಿಂದ ಬಟ್ಟೆಗೆ ಸರ್ಕಾರದ ಕಡಿವಾಣ ಇತ್ತು. ಇವರು ನೋಡಿದ್ರೆ ಮೀಟರುಗಟ್ಟಲೆ ಬಟ್ಟೆ ಹೊದ್ದು ತಿರುಗ್ತಾರೆ, ದೇಶಭಕ್ತಿ ಇಲ್ಲ ಅಂತ ಮಾತು ಹುಟ್ಟಿತು. 1943ರ ಜೂನಿನಲ್ಲಿ ನೌಕಾದಳದವರು, ಸೈನಿಕರು ಗುಂಪುಗುಂಪಾಗಿ ಬೀದಿಗಿಳಿದು ಈ ಹುಡುಗರನ್ನ ಹಿಡಿದು ಹೊಡೆದರು, ನಡುಬೀದಿಯಲ್ಲಿ ಬಟ್ಟೆ ಕಿತ್ತರು. ಪೊಲೀಸರು ಹೆಚ್ಚಾಗಿ ಬಂಧಿಸಿದ್ದು ಹೊಡೆಸಿಕೊಂಡವರನ್ನೇ.

ಅದೇ ಸಮುದಾಯದ ಸಾವಿರಾರು ಜನ ಅಮೆರಿಕದ ಸೈನ್ಯದಲ್ಲೂ ಇದ್ರು ಅನ್ನೋದು ವಿಚಿತ್ರ. ಯುದ್ಧ ಮುಗಿಸಿ ಬಂದವರ ಕೈಯಲ್ಲಿ ಒಂದಿಷ್ಟು ದುಡ್ಡಿತ್ತು, ಸೈನ್ಯದಲ್ಲೋ ವಿಮಾನ ಕಾರ್ಖಾನೆಯಲ್ಲೋ ಕಲಿತ ಕೈಚಳಕ ಇತ್ತು. ಹೊಸ ಕಾರು ಕೊಳ್ಳೋ ತಾಕತ್ತು ಮಾತ್ರ ಇರಲಿಲ್ಲ. ಹತ್ತು ವರ್ಷ ಹಳೆಯ ಶೆವ್ರೊಲೆ ಕಾರುಗಳು ಅಗ್ಗಕ್ಕೆ ಸಿಗ್ತಿದ್ವು. ಅವನ್ನ ತಂದು, ತಿಕ್ಕಿ ತೊಳೆದು, ಬಣ್ಣ ಬಳಿದು ಮದುಮಗನ ಹಾಗೆ ಸಿಂಗಾರ ಮಾಡಿದ್ರು.

ಆಗ ಕ್ಯಾಲಿಫೋರ್ನಿಯಾದ ಬಿಳಿಯ ಹುಡುಗರಿಗೆ 'ಹಾಟ್ ರಾಡ್' ಹುಚ್ಚು. ಹಳೇ ಕಾರಿಗೆ ದೊಡ್ಡ ಇಂಜಿನ್ ಕೂರಿಸಿ ರೇಸ್ ಬಿಡೋದು. ಅವರಲ್ಲೂ ಕಾರು ತಗ್ಗಿಸೋರು ಬೇಕಾದಷ್ಟು ಜನ ಇದ್ರು. ಆದ್ರೆ ಇವರದ್ದು ತದ್ವಿರುದ್ಧ ದಾರಿ. ವೇಗ ಬೇಡವೇ ಬೇಡ. 'ಬಾಹಿತೊ ಇ ಸ್ವಾವೆಸಿತೊ' ಅನ್ನೋದು ಅವರ ಸ್ಪ್ಯಾನಿಷ್ ಮಾತು. ತಗ್ಗಾಗಿ, ಮೆಲ್ಲಗೆ ಅಂತ. ಭಾನುವಾರ ಸಂಜೆ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಪೂರ್ವ ಲಾಸ್ ಏಂಜಲೀಸಿನ ವಿಟಿಯರ್ ಬುಲೆವಾರ್ಡಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡೋದು. ಮೈಸೂರಿನವರು ಸಂಜೆ ದೇವರಾಜ ಅರಸು ರಸ್ತೆಯಲ್ಲಿ ರೌಂಡ್ ಹೊಡೀತಾರಲ್ಲ, ಹಾಗೆ ಅಂದ್ಕೊಳ್ಳಿ. ಸಂತೆಯೂ ಹೌದು, ಜಾತ್ರೆಯೂ ಹೌದು. ನಾವೂ ಇದೀವಿ, ನೋಡಿ ಅನ್ನೋ ಮೆರವಣಿಗೆಯೂ ಹೌದು.

ತಗ್ಗಿಸೋಕೆ ಏನು ಮಾಡ್ತಿದ್ರು? ಮೊದಮೊದಲು ಡಿಕ್ಕಿಯಲ್ಲಿ ಮರಳು ಚೀಲ, ಸಿಮೆಂಟು ಚೀಲ ಹೇರೋದು. ಭಾನುವಾರ ಹೇರಿ ಸೋಮವಾರ ಇಳಿಸಿದ್ರೆ ಆಯ್ತು. ಆಮೇಲೆ ಸ್ಪ್ರಿಂಗ್ ಸುರುಳಿಯ ಒಂದೆರಡು ಸುತ್ತು ಕತ್ತರಿಸೋದು, ಇಲ್ಲಾ ಗ್ಯಾಸ್ ಬೆಂಕಿ ಹಿಡಿದು ಕಾಯಿಸಿ ಕುಸಿಯೋ ಹಾಗೆ ಮಾಡೋದು. ಹಿಂದಿನ ಅಚ್ಚಿಗೆ ಪಟ್ಟಿ ಸ್ಪ್ರಿಂಗ್ ಇದ್ರೆ, ಅಚ್ಚಿಗೂ ಪಟ್ಟಿಗೂ ನಡುವೆ ಲೋಹದ ತುಂಡು ಕೂರಿಸೋದು. ತುಂಡು ಎಷ್ಟು ದಪ್ಪವೋ ಕಾರು ಅಷ್ಟು ಕೆಳಗೆ.

ನಮ್ಮ ಹುಡುಗ ಮಾಡಿಸಿದ್ದೂ ಇದನ್ನೇ, ಎಂಬತ್ತು ವರ್ಷ ಆದ್ಮೇಲೆ! ಇದರಲ್ಲಿರೋ ಎಡವಟ್ಟೂ ಆಗಿನದ್ದೇ. ಎಂಟು ಸುತ್ತಿನ ಸ್ಪ್ರಿಂಗಲ್ಲಿ ಎರಡು ಸುತ್ತು ಕತ್ತರಿಸಿದ್ರೆ ಅದು ಗಿಡ್ಡ ಆಗೋದಷ್ಟೇ ಅಲ್ಲ, ಮೂರನೇ ಒಂದು ಭಾಗದಷ್ಟು ಹೆಚ್ಚು ಗಡಸೂ ಆಗುತ್ತೆ. ಅದೇ ಭಾರಕ್ಕೆ ಕುಗ್ಗೋಕೆ ಈಗ ಸುತ್ತುಗಳೇ ಕಡಿಮೆ ಅಲ್ವಾ. ಚಕ್ರ ಮೇಲೆ ಕೆಳಗೆ ಆಡೋಕೆ ಜಾಗವೂ ಕಮ್ಮಿ. ಗುಂಡಿಗೆ ಬಿದ್ರೆ ಏಟು ನೇರ ಬೆನ್ನುಮೂಳೆಗೆ. ಚಕ್ರ ಪೂರ್ತಿ ಕೆಳಗೆ ಇಳಿಬಿದ್ದಾಗ ಗಿಡ್ಡ ಸ್ಪ್ರಿಂಗು ತನ್ನ ಜಾಗದಿಂದಲೇ ಕಳಚಿಕೊಳ್ಳಬಹುದು.

*

ಪೊಲೀಸರಿಗೆ ಇದು ಕಣ್ಣಿಗೆ ಬೀಳದೆ ಇರುತ್ತಾ? 1958ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಜಾರಿಗೆ ತಂತು. ಆ ರಾಜ್ಯದ ವಾಹನ ಸಂಹಿತೆಯ 24008ನೇ ಕಲಂ ಅಂತ ಅದು ಹೆಸರಾಯ್ತು. ಅದರ ಸಾರ ಇಷ್ಟು: ಮೂಲ ವಿನ್ಯಾಸ ಬದಲಾಯಿಸಿದ ಕಾರಿನಲ್ಲಿ, ಚಕ್ರ ಬಿಟ್ಟು ಬೇರೆ ಯಾವ ಭಾಗವೂ ರಿಮ್ಮಿನ ತಳಕ್ಕಿಂತ ಕೆಳಗೆ ಇರಕೂಡದು.

ಓದಿದ್ರೆ ಒಳ್ಳೇ ಸುರಕ್ಷತಾ ನಿಯಮದ ಹಾಗೇ ಇದೆ. ಟೈರು ಪಂಕ್ಚರ್ ಆಗಿ ಕಾರು ರಿಮ್ಮಿನ ಮೇಲೆ ಕೂತರೂ ಹೊಟ್ಟೆ ರಸ್ತೆಗೆ ತಾಗಬಾರದು, ಸರಿ ತಾನೇ. ಮೆಕ್ಸಿಕನ್ ಅನ್ನೋ ಶಬ್ದ ಅದರಲ್ಲಿ ಎಲ್ಲೂ ಇಲ್ಲ. ಆದ್ರೆ ಆ ಊರುಗಳಲ್ಲಿ ಕಾರು ತಗ್ಗಿಸಿ ನಿಧಾನಕ್ಕೆ ಓಡಿಸೋರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಪೊಲೀಸರಿಗೆ ಗಾಡಿ ನಿಲ್ಲಿಸೋಕೆ ಒಂದು ನೆಪ ಬೇಕಿತ್ತು, ಆ ನೆಪ ಈಗ ಕಾನೂನು ಪುಸ್ತಕದಲ್ಲೇ ಸಿಕ್ಕಿತು. ರಿಮ್ಮಿನ ಎತ್ತರಕ್ಕೆ ಅಳತೆ ಇಟ್ಟು ನೋಡೋದು, ಚೀಟಿ ಹರಿದು ಕೊಡೋದು.

ಇಲ್ಲೊಂದು ತಮಾಷೆ ಹೇಳ್ಲೇಬೇಕು. ಕಾನೂನು ಗೆರೆ ಎಳೆದಿದ್ದು ನೆಲದಿಂದ ಇಷ್ಟು ಇಂಚು ಅಂತ ಅಲ್ಲ, ರಿಮ್ಮಿನಿಂದ. ನಮ್ಮ ಹುಡುಗನ ಚಕ್ರದ ಲೆಕ್ಕ ನೋಡಿ. ಹಳೇ ಟೈರು 195/65 ಆರ್15. ಅಂದ್ರೆ ಅಗಲ 195 ಮಿಲಿಮೀಟರು, ಅದರ ಶೇ. 65ರಷ್ಟು ಟೈರಿನ ಗೋಡೆಯ ಎತ್ತರ, ಸುಮಾರು 127 ಮಿ.ಮೀ. ಹೊಸದು 225/45 ಆರ್17. ಗೋಡೆ ಸುಮಾರು 101 ಮಿ.ಮೀ. ಮಾತ್ರ. ಚಕ್ರದ ಒಟ್ಟು ವ್ಯಾಸ ಎರಡರಲ್ಲೂ ಸುಮಾರು 634 ಮಿ.ಮೀ.ಯೇ! ಅಂದ್ರೆ 'ದೊಡ್ಡ ಚಕ್ರ' ಅಂತ ನಾವು ಹೇಳೋದು ದೊಡ್ಡದೇ ಅಲ್ಲ, ಲೋಹ ಜಾಸ್ತಿ ಆಗಿ ರಬ್ಬರ್ ಕಮ್ಮಿ ಆಗಿರುತ್ತೆ ಅಷ್ಟೆ. ಒಟ್ಟು ವ್ಯಾಸ ಬದಲಾಗದಿದ್ರೆ ಸ್ಪೀಡೋಮೀಟರ್ ಸುಳ್ಳು ಹೇಳಲ್ಲ, ಅದಕ್ಕೇ ಹೀಗೆ ಹೊಂದಿಸೋದು.

ಈಗ ಕಾನೂನಿನ ಕಣ್ಣಲ್ಲಿ ನೋಡಿ. ದೊಡ್ಡ ರಿಮ್ ಹಾಕಿದ್ರೆ ರಿಮ್ಮಿನ ತಳ ನೆಲಕ್ಕೆ ಇನ್ನೂ ಹತ್ತಿರ. ಗೆರೆ ತಾನಾಗೇ ಒಂದಿಂಚು ಕೆಳಗಿಳೀತು. ಅಷ್ಟೇ ತಗ್ಗಾದ ಕಾರು ದುಬಾರಿ ದೊಡ್ಡ ರಿಮ್ ಹಾಕಿಕೊಂಡರೆ ಸಾಚಾ ಆಗಬಹುದು, ಚಿಕ್ಕ ರಿಮ್ಮಿದ್ರೆ ಅಪರಾಧಿ. ಮೆಕ್ಸಿಕನ್ ಹುಡುಗರ ಮೆಚ್ಚಿನ ಚಕ್ರ ಯಾವುದು? ಬರೀ 13, 14 ಇಂಚಿನ ತಂತಿ ಕಡ್ಡಿ ಚಕ್ರ! ಚಕ್ರ ಚಿಕ್ಕದಾದಷ್ಟೂ ಕಾರು ಕೆಳಗೆ ಕೂರುತ್ತೆ ಅನ್ನೋದು ಅವರ ಲೆಕ್ಕ.

*

ಆ ಕಾನೂನಿಗೆ ಉತ್ತರ ಬಂದಿದ್ದು ಕೋರ್ಟಿನಿಂದಲ್ಲ, ಗ್ಯಾರೇಜಿನಿಂದ. ರಾನ್ ಅಗಿರ್ರೆ ಅನ್ನೋ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕನ ಹತ್ರ ಒಂದು ಶೆವ್ರೊಲೆ ಕಾರ್ವೆಟ್ ಇತ್ತು. ತಗ್ಗಿಸಿದ ಕಾರು, ಸಿಕ್ಕಾಪಟ್ಟೆ ದಂಡದ ಚೀಟಿ. 1959ರ ಹೊತ್ತಿಗೆ ಅಪ್ಪ ಮಗ ಸೇರಿ, ಸೈನ್ಯ ವಿಲೇವಾರಿ ಮಾಡಿದ್ದ ವಿಮಾನದ ಹೈಡ್ರಾಲಿಕ್ ಸಾಮಾನು ತಂದು ಕಾರಿಗೆ ಜೋಡಿಸಿದ್ರು. ವಿಮಾನದ ರೆಕ್ಕೆಯ ಪಟ್ಟಿ, ಚಕ್ರಗಳನ್ನ ಆಡಿಸೋಕೆ ಬಳಸ್ತಿದ್ದ ವಿದ್ಯೆ ಅದು. ವಿದ್ಯುತ್ ಮೋಟಾರಿನ ಪಂಪು ಎಣ್ಣೆಯನ್ನ ಸಿಲಿಂಡರಿಗೆ ಒತ್ತುತ್ತೆ, ಸಿಲಿಂಡರು ಕಾರನ್ನ ಎತ್ತುತ್ತೆ. ಎಣ್ಣೆ ವಾಪಸ್ ಬಿಟ್ರೆ ಕಾರು ಮೆಲ್ಲಗೆ ಕೂರುತ್ತೆ. ಒಂದು ಸ್ವಿಚ್ಚು ಅಷ್ಟೆ. ಆ ಕಾರಿನ ಹೆಸರು 'ಎಕ್ಸ್-ಸಾನಿಕ್'.

ಪೊಲೀಸ್ ಕಂಡ್ರೆ ಸ್ವಿಚ್ ಒತ್ತು, ಕಾರು ಕಾನೂನಿಗೆ ಸರಿಯಾಗಿ ಎದ್ದು ನಿಲ್ಲುತ್ತೆ. ಪೊಲೀಸ್ ಹೋದ ಮೇಲೆ ಮತ್ತೆ ಒತ್ತು, ಕೂರುತ್ತೆ. ಆ ದೃಶ್ಯ ನೆನೆಸಿಕೊಂಡ್ರೆ ನಗು ಬರುತ್ತೆ :) ಆದ್ರೆ ಅದರ ಹಿಂದಿನ ಹಟ ನೋಡಿ. ಎದ್ದು ನಿಲ್ಲು ಅಂದ್ರಾ, ಸರಿ ನಿಂತೆ ಅನ್ನೋ ಥರ.

ಮುಂದೆ ಇದೇ ಒಂದು ಕಲೆಯಾಗಿ ಬೆಳೀತು. 1958ರಿಂದ ಬಂದ ಇಂಪಾಲಾ ಕಾರುಗಳ ಚಾಸಿ ಅಡಿಯಿಂದ ನೋಡಿದ್ರೆ ಇಂಗ್ಲಿಷಿನ ಎಕ್ಸ್ ಅಕ್ಷರದ ಹಾಗಿತ್ತು. ಹೈಡ್ರಾಲಿಕ್ ಕೂರಿಸೋಕೆ ಅದು ಹೇಳಿ ಮಾಡಿಸಿದ ಹಾಗಿದ್ದು, 60ರ ದಶಕದ ಇಂಪಾಲಾ ಲೋರೈಡರುಗಳ ರಾಜ ಆಯ್ತು. ಡಿಕ್ಕಿ ತುಂಬ ಬ್ಯಾಟರಿ ಜೋಡಿಸಿ ಕಾರನ್ನ ಕುಣಿಸೋ ಸ್ಪರ್ಧೆಗಳೂ ಶುರುವಾದ್ವು. ಕಾರ್ ಕ್ಲಬ್ಬುಗಳು ಹುಟ್ಟಿದ್ವು. ಇಂಪೀರಿಯಲ್ಸ್ ಕ್ಲಬ್ಬಿನ ಹೆಸಿ ವಲಾಡೆಸ್ ತನ್ನ 1964ರ ಇಂಪಾಲಾದ ಮೈತುಂಬ ಗುಲಾಬಿ ಹೂ ಬರೆಸಿ 'ಜಿಪ್ಸಿ ರೋಸ್' ಅಂತ ಹೆಸರಿಟ್ಟ. 1974ರಲ್ಲಿ ಶುರುವಾದ 'ಚೀಕೊ ಅಂಡ್ ದಿ ಮ್ಯಾನ್' ಅನ್ನೋ ಟಿವಿ ಧಾರಾವಾಹಿಯ ಆರಂಭದ ದೃಶ್ಯದಲ್ಲಿ ಆ ಕಾರು ಅಮೆರಿಕದ ಮನೆಮನೆಗೆ ಹೋಯ್ತು. 1977ರಲ್ಲಿ 'ಲೋರೈಡರ್' ಪತ್ರಿಕೆ ಶುರುವಾಯ್ತು. ಎಲ್ಲಿ ಅಂತೀರಾ? ಸ್ಯಾನ್ ಹೋಸೆಯಲ್ಲಿ! ನಾನು ಡೋರ್ ಲಾಕ್ ಒತ್ತಿದ ಅದೇ ಊರಲ್ಲಿ.

*

ಆದ್ರೆ ಕಾರು ಎದ್ದು ನಿಂತ ಮಾತ್ರಕ್ಕೆ ಜಗಳ ಮುಗೀಲಿಲ್ಲ. ವಿಟಿಯರ್ ಬುಲೆವಾರ್ಡ್ ಬರೀ ತಿರುಗಾಟದ ರಸ್ತೆ ಆಗಿರಲಿಲ್ಲ. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಮೆಕ್ಸಿಕನ್ ಅಮೆರಿಕನ್ನರ ದೊಡ್ಡ ಮೆರವಣಿಗೆ ಹೋಗಿದ್ದು ಆ ರಸ್ತೆಯಲ್ಲೇ. ಅವತ್ತಿನ ಗಲಭೆಯಲ್ಲಿ ರೂಬೆನ್ ಸಲಸಾರ್ ಅನ್ನೋ ಹೆಸರಾಂತ ಪತ್ರಕರ್ತ ಅಲ್ಲೇ ಒಂದು ಹೋಟೆಲಿನೊಳಗೆ, ಶೆರಿಫ್ ಇಲಾಖೆಯವರು ಹಾರಿಸಿದ ಅಶ್ರುವಾಯು ಗುಂಡು ತಲೆಗೆ ಬಡಿದು ಸತ್ತರು. 1979ರಲ್ಲಿ ಆ ರಸ್ತೆಯಲ್ಲಿ ಕಾರಿನ ತಿರುಗಾಟವನ್ನೇ ಬಂದ್ ಮಾಡಿದ್ರು.

1982ರಲ್ಲಿ ಇನ್ನೊಂದು ಕಾನೂನು ಬಂತು. ದಟ್ಟಣೆ ಇರೋ ಕಡೆ, ನಿಗದಿ ಮಾಡಿದ ಅವಧಿಯೊಳಗೆ ಒಂದೇ ಜಾಗವನ್ನ ಮತ್ತೆ ಮತ್ತೆ ಹಾದುಹೋಗೋದನ್ನ ಆಯಾ ಊರಿನವರು ನಿಷೇಧಿಸಬಹುದು ಅಂತ. ಒಂದರ ಹಿಂದೊಂದು ಊರು ಹಾಗೇ ಮಾಡ್ತು. ಸ್ಯಾನ್ ಹೋಸೆಯಲ್ಲಿ ಕ್ರೂಸಿಂಗ್ ನಿಷೇಧ ಅನ್ನೋ ಬೋರ್ಡುಗಳನ್ನ ನಾನೂ ನೋಡಿದ್ದೆ. ವೇಗವಾಗಿ ಓಡಿಸಬೇಡಿ ಅನ್ನೋ ಬೋರ್ಡು ಗೊತ್ತು, ಸುಮ್ಮನೆ ಓಡಾಡಬೇಡಿ ಅಂತಾನೂ ಬೋರ್ಡು ಇರುತ್ತಾ ಅಂತ ಆಗ ನಕ್ಕಿದ್ದೆ. ಅದು ಯಾರಿಗೆ ಬರೆದ ಬೋರ್ಡು ಅಂತ ಯೋಚಿಸಿರಲಿಲ್ಲ.

ಸೋಜಿಗ ಏನಂದ್ರೆ, ಒಂದು ಕಡೆ ಕಾನೂನು ಹಾಗೇ ಇತ್ತು, ಇನ್ನೊಂದು ಕಡೆ ಗೌರವ ಬರ್ತಾ ಇತ್ತು. ನ್ಯೂ ಮೆಕ್ಸಿಕೋದ ಚಿಮಾಯೊ ಅನ್ನೋ ಹಳ್ಳಿಯ ಒಂದು ಕುಟುಂಬದ 1969ರ ಫೋರ್ಡ್ ಎಲ್‌ಟಿಡಿ ಲೋರೈಡರನ್ನ 1990ರಲ್ಲಿ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ತಗೊಂಡಿತು. 2017ರಲ್ಲಿ 'ಜಿಪ್ಸಿ ರೋಸ್' ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಸೇರಿ, ರಾಜಧಾನಿ ವಾಷಿಂಗ್ಟನ್ನಿನಲ್ಲಿ ಗಾಜಿನ ಮನೆಯೊಳಗೆ ಪ್ರದರ್ಶನಕ್ಕೆ ನಿಂತಿತು. ಹೆಸಿ ವಲಾಡೆಸ್ ಅದನ್ನ ನೋಡಲಿಲ್ಲ, 2011ರಲ್ಲೇ ತೀರಿಕೊಂಡಿದ್ದ. ಗಾಜಿನೊಳಗೆ ನಿಂತ್ರೆ ದೇಶದ ಆಸ್ತಿ, ತವರಿನ ರಸ್ತೆಗಿಳಿದು ತಗ್ಗಿದ್ರೆ ದಂಡ!

2022ರಲ್ಲಿ ಸ್ಯಾನ್ ಹೋಸೆ ತನ್ನ ಕ್ರೂಸಿಂಗ್ ನಿಷೇಧ ತೆಗೆದುಹಾಕಿತು. 2023ರ ಅಕ್ಟೋಬರಿನಲ್ಲಿ ಇಡೀ ಕ್ಯಾಲಿಫೋರ್ನಿಯಾಕ್ಕೆ ಅನ್ವಯಿಸೋ ಮಸೂದೆಗೆ ಗವರ್ನರ್ ಸಹಿ ಬಿತ್ತು. 2024ರ ಜನವರಿ 1ರಿಂದ ರಿಮ್ಮಿನ ಗೆರೆಯೂ ಹೋಯ್ತು, ಕ್ರೂಸಿಂಗ್ ನಿಷೇಧಿಸೋ ಅಧಿಕಾರವೂ ಹೋಯ್ತು. ಹತ್ತಿರ ಹತ್ತಿರ ಅರವತ್ತಾರು ವರ್ಷ. 1958ರಲ್ಲಿ ಚೀಟಿ ತಗೊಂಡ ಹುಡುಗ ಬದುಕಿದ್ರೆ ಈಗ ಎಂಬತ್ತು ದಾಟಿರ್ತಾನೆ.

*

ಇದನ್ನೆಲ್ಲ ಓದಿ ಮುಗಿಸಿದ ಮೇಲೆ ನನ್ನ ಉಪದೇಶದ ಗಾಳಿ ಅರ್ಧ ಇಳಿದಿತ್ತು. ಆದ್ರೂ ಹುಡುಗನನ್ನ ಮಹಡಿ ಮೇಲೆ ಕರೆದು ಕೂರಿಸಿ ಎಲ್ಲ ಹೇಳಿದೆ. ಕಣ್ಣರಳಿಸಿ ಕೇಳಿದ. ಕೊನೆಗೆ ಕೇಳಬೇಕಾದ್ದನ್ನೇ ಕೇಳಿದ.

"ಅಂದ್ರೆ ಮಾವ, ನಾನು ಮಾಡಿದ್ದು ಸರಿ ಅಂತಾಯ್ತಲ್ಲ?"

ಇಲ್ಲಪ್ಪ ಅಂದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಆಗೋ ಹಾಗೆ ವಾಹನ ಬದಲಾಯಿಸುವಂತಿಲ್ಲ. ಕಾನೂನು ಬದಿಗಿಟ್ಟು ನೋಡಿದ್ರೂ, ನಮ್ಮ ರಸ್ತೆ ಎಲ್ಲಿ, ವಿಟಿಯರ್ ಬುಲೆವಾರ್ಡ್ ಎಲ್ಲಿ? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಇವರ ಬೀದಿಯದ್ದು ರಾತ್ರೋರಾತ್ರಿ ಯಾರೋ ಕಾಂಕ್ರೀಟ್ ಸುರಿದು ಮಾಡಿದ ದಿಂಡು. ಅದರ ಮುಂದೆ ಕತ್ತರಿಸಿದ ಸ್ಪ್ರಿಂಗು, 101 ಮಿ.ಮೀ. ರಬ್ಬರು ಎರಡೂ ಸೋಲುತ್ತೆ. ರಿಮ್ ಬಾಗುತ್ತೆ. ಗಾಡಿ ಹಿಡಿತ ತಪ್ಪಿದ್ರೆ ಸಾಯೋದು ನೀನೊಬ್ಬನೇ ಅಲ್ಲ, ಪಕ್ಕದಲ್ಲಿ ಸ್ಕೂಟರಲ್ಲಿ ಹೋಗ್ತಿರೋನೂ ಸಾಯಬಹುದು ಅಂದೆ.

"ಮತ್ತೆ ಅವರೂ ಸುರಕ್ಷತೆ ಅಂತಾನೇ ಕಾನೂನು ಮಾಡಿದ್ರಲ್ಲ ಮಾವ?"

ಇದಕ್ಕೆ ನನ್ನ ಹತ್ರ ಥಟ್ ಅಂತ ಉತ್ತರ ಇರಲಿಲ್ಲ. ಯೋಚಿಸಿ ಹೇಳಿದೆ. ಕಾನೂನಿನ ಅಕ್ಷರ ಓದಿದ್ರೆ ವ್ಯತ್ಯಾಸ ತಿಳಿಯಲ್ಲ ಕಣೋ. ಅದನ್ನ ಹಿಡಿದುಕೊಂಡು ಯಾರ ಗಾಡಿ ನಿಲ್ಲಿಸ್ತಾರೆ, ಯಾರ ಗಾಡಿ ಬಿಡ್ತಾರೆ ಅಂತ ನೋಡಬೇಕು. ನಿನ್ನನ್ನ ನಿಲ್ಲಿಸಿದ್ದು ನಿನ್ನ ಕಾರು ನೋಡಿ. ಅವರನ್ನ ನಿಲ್ಲಿಸ್ತಿದ್ದಿದ್ದು ಕಾರೊಳಗೆ ಕೂತ ಮುಖ ನೋಡಿ. ಸ್ಪ್ರಿಂಗು ಸರಿ ಮಾಡಿಸಿದ್ರೆ ನಿನ್ನ ತಂಟೆಗೆ ಯಾರೂ ಬರಲ್ಲ. ಅವರು ಕಾರನ್ನ ಎತ್ತಿ ನಿಲ್ಲಿಸಿದ ಮೇಲೂ ರಸ್ತೆಯನ್ನೇ ಮುಚ್ಚಿದ್ರು.

ಹೇಳ್ತಾ ಹೇಳ್ತಾ ನನಗೇ ಆ 'ಟಕ್' ಶಬ್ದ ಮತ್ತೆ ಕೇಳಿಸಿತು. ನಾನೂ ನಿಲ್ಲಿಸಿದವರ ಸಾಲಿನಲ್ಲೇ ಇದ್ದೆನಲ್ಲ. ನನಗೆ ಯಾವ 24008ನೇ ಕಲಮೂ ಬೇಕಾಗಿರಲಿಲ್ಲ, ಒಂದು ಬಟನ್ ಸಾಕಾಗಿತ್ತು.

ಹುಡುಗ ಆಮೇಲೆ ಕಂಪನಿಯ ಹೊಸ ಸ್ಪ್ರಿಂಗುಗಳನ್ನೇ ಹಾಕಿಸಿದ. 17 ಇಂಚಿನ ರಿಮ್ ಮಾರೋಕೆ ಮಾತ್ರ ಇನ್ನೂ ಮನಸ್ಸು ಬಂದಿಲ್ಲವಂತೆ, ಒರೆಸಿ ಮಂಚದ ಕೆಳಗೆ ಇಟ್ಕೊಂಡಿದಾನೆ ಅಂತ ಅಕ್ಕನ ದೂರು. ಭಾವ ಮಾತಾಡೋಕೆ ಶುರು ಮಾಡಿದಾರೆ. ಮೊನ್ನೆ ಫೋನಲ್ಲಿ "ನಿನ್ನ ರೌಡಿ ಅಳಿಯ ದಾರಿಗೆ ಬಂದ" ಅಂದ್ರು. ಆ ಶಬ್ದ ಬೇಡ ಭಾವ ಅಂದೆ. ಯಾಕೆ ಅಂತ ಕೇಳಿದ್ರು. ದೊಡ್ಡ ಕಥೆ, ಊರಿಗೆ ಬಂದಾಗ ಹೇಳ್ತೀನಿ ಅಂದಿದೀನಿ.